ಹೊಸ್ತಿಲು ದಾಟುವ ಕಾಲು ತಾಸು ಮೊದಲು

ನವನಗರ

"ಹೊರಗ ಬೀಳೋ ಕಾಲು ತಾಸು ಮೊದಲ ಮುಲಾಮು ಹಚ್ಚಬೇಕು" ಎಂದು ಬಾಗಲಕೋಟೆ ನವನಗರದ ಡಾಕ್ಟರಮ್ಮ ಹೇಳಿದಾಗ, ನನ್ನ ತಂಗಿ ನೀಲವ್ವ ತಿರುಗಿ ಪ್ರಶ್ನೆ ಹಾಕಿದಳು.

"ಹೊರಗ ಅಂದ್ರ ಎಲ್ಲಿಂದ್ರಿ? ಪಡಸಾಲಿ ದಾಟಿದ್ರ ಹೊರಗೋ, ಅಂಗಳ ದಾಟಿದ್ರ ಹೊರಗೋ, ಊರ ಅಗಸಿ ದಾಟಿದ್ರ ಹೊರಗೋ?"

ಡಾಕ್ಟರಮ್ಮ ನಕ್ಕರು. ನಾನು ನಗಲಿಲ್ಲ. ಇಳಕಲ್ಲಿನ ಸಾಲೆಯಲ್ಲಿ ಇಡೀ ಸೇವೆ ಮುಗಿಸಿ ಮನೆಯಲ್ಲಿ ಕೂತವಳು ನಾನು. ಮಕ್ಕಳು ಕೇಳುವ ಹುಚ್ಚು ಪ್ರಶ್ನೆಗಳೇ ಕಡೆಗೆ ಖರೆ ಪ್ರಶ್ನೆಗಳಾಗಿರುತ್ತವೆ ಎಂಬುದು ನನಗೆ ಗೊತ್ತು.

ನೀಲವ್ವನಿಗೆ ಬಂದ ರೋಗಕ್ಕೆ ಲೂಪಸ್ ಅಂತ ಹೆಸರು. ನಮ್ಮ ಮನೆಯಲ್ಲಿ ಅದನ್ನು ಬಿಸಿಲ ಬ್ಯಾನಿ ಅನ್ನುತ್ತೇವೆ. ಮನೆ ಕಾಯಬೇಕಾದ ನಾಯಿ ಮನೆಯವರನ್ನೇ ಕಚ್ಚಲು ಶುರು ಮಾಡಿದಂತೆ, ಮೈ ಕಾಯುವ ಶಕ್ತಿಯೇ ಮೈ ಮೇಲೆ ಬೀಳುತ್ತದೆ. ಮಲಗಿದ ಆ ನಾಯಿಯನ್ನು ಎಬ್ಬಿಸುವುದು ಬಿಸಿಲು. ಒಂದು ಶನಿವಾರ ತುಳಸಿಗೇರಿ ಹನುಮಪ್ಪನ ದರ್ಶನಕ್ಕೆಂದು ಸಾಲಿನಲ್ಲಿ ನಿಂತಿದ್ದಳು. ನಿಂತದ್ದು ಒಂದು ಮಧ್ಯಾಹ್ನ, ಮಲಗಿದ್ದು ತಿಂಗಳುಗಟ್ಟಲೆ. ಮೊದಲು ಎರಡೂ ಕೆನ್ನೆ ಕೆಂಪಾದವು, ಆಮೇಲೆ ಕೀಲು ಬಾತವು, ಆಮೇಲೆ ಮೂತ್ರಪಿಂಡದ ತನಕ ಹೋಯಿತು. ಆಕೆಯ ಗಂಡ ಸಂಗಪ್ಪ ದವಾಖಾನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ದಿನ ಕಳೆದ. ಅವತ್ತಿನಿಂದ ಆ ಗೋಡೆಯ ಬಣ್ಣ ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ನಮ್ಮದು ಬೀರಪ್ಪನ ಒಕ್ಕಲು. ಡೊಳ್ಳಿನ ಪದ ನಮಗೆ ಅಜ್ಜಿಯ ಬಾಯಿಂದ ಬಂದದ್ದು. ಮೇಳದಲ್ಲಿ ನೀಲವ್ವ ಮುಂದಿನ ದನಿ, ನಾನು ಹಿಂದಿನ ದನಿ. ರೋಗ ಬಂದ ಮೇಲೆ ಆಕೆ ಹಗಲು ಹಾಡಿಯೇ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ಮನೆಯೊಳಗೆ ಎರಡು ನುಡಿ ಹಾಡಿದರೆ ಅದೇ ದೊಡ್ಡದು. ಹಾಗಿರುವಾಗ ಆಸ್ಟ್ರೇಲಿಯಾದ ಪರ್ತ್ ಊರಿನ ಕನ್ನಡದವರು ರಾಜ್ಯೋತ್ಸವಕ್ಕೆ ನಮ್ಮ ಮೇಳವನ್ನು ಕರೆದರು. ಕಾರ್ಯಕ್ರಮ ಹಗಲು ಹೊತ್ತು, ಬಯಲಿನಲ್ಲಿ.

"ರೋಗ ಈಗ ಸುಮ್ಮನ ಮಲಗೈತಿ. ಹೋಗಬಹುದು" ಅಂದರು ಡಾಕ್ಟರಮ್ಮ. ಅದರ ಹಿಂದೆ ಶರತ್ತುಗಳು ಬಂದವು. ತುಂಬು ತೋಳು, ತಲೆ ಮೇಲೆ ಸೆರಗು, ಆದಷ್ಟು ನೆರಳು. ಸನ್‌ಸ್ಕ್ರೀನ್ ಮುಲಾಮು ಹೊರಗೆ ಹೋಗುವ ಮುಂಚೆಯೇ ಹಚ್ಚಿ, ಚರ್ಮಕ್ಕೆ ಕೂಡಲು ಬಿಡಬೇಕು. ಎರಡು ತಾಸಿಗೊಮ್ಮೆ ಮತ್ತೆ. ಬೆವತರೆ, ತೊಳೆದರೆ ಮತ್ತೆ. ಮೋಡ ಕವಿದಿದ್ದರೂ ಬಿಡಬಾರದು. ಎರಡು ಬೆರಳಿನ ತುಂಬ ಮುಲಾಮು ಹಿಂಡಿ, ಮುಖ ಕುತ್ತಿಗೆಗೆ ಇಷ್ಟು ಬೇಕು ಎಂದು ತೋರಿಸಿದರು.

"ಇಷ್ಟು ಬೆಣ್ಣಿ ರೊಟ್ಟಿಗೂ ಹಚ್ಚಂಗಿಲ್ರಿ ನಮ್ಮಕ್ಕ" ಅಂದಳು ನೀಲವ್ವ.

ಸಂಗಪ್ಪ ಮಾತ್ರ ಬಾಗಿಲ ಹತ್ತಿರ ನನ್ನನ್ನು ನಿಲ್ಲಿಸಿದ. "ಅಕ್ಕಾ, ನಿನ್ನ ಕೈಯಾಗ ಕೊಡಾಕತ್ತೇನಿ. ಹೋದಂಗ ಕರಕೊಂಡು ಬಾ." ಅಷ್ಟೇ ಹೇಳಿದ್ದು. ಮುಲಾಮಿನ ಬಾಟಲಿ ಅವತ್ತಿನಿಂದ ನನ್ನ ಚೀಲ ಸೇರಿತು, ಅವನ ಮಾತು ನನ್ನ ಎದೆ ಸೇರಿತು. ಎರಡರಲ್ಲಿ ಭಾರ ಯಾವುದೆಂದು ಬೇರೆ ಹೇಳಬೇಕಿಲ್ಲ.

ಹುನಗುಂದ: ಹೊಂಟ್ವಿ, ಹೊಂಟ್ವಿ

ಹೊರಡುವ ದಿನವೇ ನನಗೆ ನೀಲವ್ವನ ಪ್ರಶ್ನೆಯ ಆಳ ಗೊತ್ತಾಯಿತು.

ಹುನಗುಂದದ ನೀಲವ್ವನ ಮನೆ ಬಾಗಿಲಿಗೆ ಗಾಡಿ ಬಂದು ನಿಂತಿತ್ತು. ಇನ್ನು ಕಾಲು ತಾಸಿನಲ್ಲಿ ಹೊರಡುವುದು ಎಂದುಕೊಂಡು ಆಕೆಯನ್ನು ಮಣೆ ಮೇಲೆ ಕೂರಿಸಿ ಮುಖ, ಕಿವಿ, ಕುತ್ತಿಗೆ, ಕೈ ಎಲ್ಲಕ್ಕೂ ಬಳಿದೆ. ಸಣ್ಣವಳಿದ್ದಾಗ ಎಣ್ಣೆ ಹಚ್ಚಿ ಎರೆಯುತ್ತಿದ್ದದ್ದು ನೆನಪಾಯಿತು. ಆಗಲೂ ಹೀಗೇ ಕಣ್ಣು ಗಟ್ಟಿಯಾಗಿ ಮುಚ್ಚಿ ಗೊಣಗುತ್ತಿದ್ದಳು.

"ಹೊಂಟ್ವಿ" ಅಂದೆವು. ಬಲಮನೆಯವರು ಬಂದರು, ಉಡಿ ತುಂಬಿದರು. "ಹೊಂಟ್ವಿ" ಅಂದೆವು. ಚಹಾ ಬಂತು. ಚಹಾ ಕುಡಿದು ಎದ್ದು "ಬರ್ತೇವ್ರಿ" ಅಂದರೆ, ಎಡಮನೆಯವರು "ಅವರ ಮನಿ ಚಹಾ ಕುಡದು ನಮ್ಮನಿದು ಬಿಟ್ಟ ಹೋಗ್ತೀರೇನು?" ಎಂದು ಮುಖ ಊದಿಸಿಕೊಂಡರು. ಕೂತೆವು. ಎದ್ದೆವು. ಅಂಗಳದಲ್ಲಿ ನಿಂತು ಮಾತಾಡಿದೆವು, ಗಾಡಿಯ ಬಾಗಿಲು ಹಿಡಿದು ಮಾತಾಡಿದೆವು. ಹೊತ್ತು ನೆತ್ತಿಗೆ ಏರುತ್ತಿತ್ತು.  ನಮ್ಮ ಕಡೆ ಮನುಷ್ಯ ಹೊರಡುವುದು ಒಂದು ಗಳಿಗೆಯಲ್ಲ, ಅದೊಂದು ಅರ್ಧ ದಿನದ ಕೆಲಸ. ಅದರ ಕಾಲು ತಾಸು ಮೊದಲು ಎಂದರೆ ಯಾವಾಗ?

ಅಷ್ಟರಲ್ಲಿ ನಮ್ಮ ದೊಡ್ಡವ್ವ ಬಂದಳು. ನೀಲವ್ವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅಯ್ಯ ನನ್ನ ಮಗಳ, ಮುಖಕ್ಕೇನು ಸುಣ್ಣಾ ಬಡಕೊಂಡೀದಿ? ಪರದೇಶಕ್ಕ ಹೋಗಾಕಿ ಹಿಂಗ ಹೋಗ್ತಾರೇನು?"

ನಾನು "ದೊಡ್ಡವ್ವಾ, ಬ್ಯಾಡ!" ಅನ್ನುವುದರೊಳಗೆ, ತನ್ನ ಇಳಕಲ್ಲ ಸೀರೆಯ ಸೆರಗಿನ ತುದಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿ, ಮುಲಾಮನ್ನೆಲ್ಲ ಒರೆಸಿ, ಹಣೆಗೆ ಕುಂಕುಮ ಇಟ್ಟು, ಲಟಿಕೆ ಮುರಿದು ದೃಷ್ಟಿ ತೆಗೆದುಬಿಟ್ಟಳು.

ನಮ್ಮ ಮೇಳದ ಡೊಳ್ಳಿನ ಯಮನಪ್ಪ ಗಾಡಿಯ ಮೇಲೆ ಡೊಳ್ಳು ಬಿಗಿಯುತ್ತ ಕೂತಿದ್ದ. ಅವನು ಕೂತಲ್ಲಿಂದಲೇ ಕೂಗಿದ: "ಅಕ್ಕಾರ, ಕಾಲು ತಾಸು ಮೊದಲ ಅಂದ್ರ ನಮ್ಮೂರಾಗ ನಿನ್ನೇನ ಹಚ್ಚಬೇಕಿತ್ರಿ!"

ಎಲ್ಲರೂ ನಕ್ಕರು. ನಾನು ಗಾಡಿಯೊಳಗೆ ಹತ್ತಿ, ಕಿಟಕಿಗೆ ಟವೆಲ್ ಸಿಕ್ಕಿಸಿ, ಬಾಟಲಿ ಮತ್ತೆ ತೆಗೆದೆ.

ಪರ್ತ್: ತಾನೇ ತೆರೆಯುವ ಬಾಗಿಲು

ಆಸ್ಟ್ರೇಲಿಯಾದವರು ತಮ್ಮ ನೆಲಕ್ಕೆ ಪರದೇಶದ ಬೀಜ, ಹುಳ, ಮಣ್ಣು ಬರಗೊಡುವುದಿಲ್ಲ. ನಮ್ಮ ಹತ್ತಿರ ಇದ್ದದ್ದು ಆಡಿನ ಚರ್ಮದ ಡೊಳ್ಳು, ಕುರಿಯ ಉಣ್ಣೆಯ ಕಂಬಳಿ, ಒಂದು ಪೊಟ್ಟಣ ಭಂಡಾರ. ಭಂಡಾರ ಎಂದರೆ ಬೀರಪ್ಪನ ಹೆಸರಿನ ಅರಿಶಿನ ಪುಡಿ. ಅದಿಲ್ಲದೆ ನಮ್ಮಲ್ಲಿ ಡೊಳ್ಳಿನ ಮೇಲೆ ಕೈ ಬೀಳುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಎಲ್ಲವನ್ನೂ ಮುಚ್ಚಿಡದೆ ಹೇಳಿದೆವು. ಕೈಗವಸು ಹಾಕಿದ ಒಬ್ಬ ಹೆಣ್ಣುಮಗಳು ಎಲ್ಲವನ್ನೂ ಮೇಜಿನ ಮೇಲೆ ಹರವಿದಳು. ಡೊಳ್ಳನ್ನು ತಟ್ಟಿ ನೋಡಿದಳು. ಕಂಬಳಿಯ ಅಂಚಿನಲ್ಲಿ ಹುನಗುಂದದ ಉತ್ತರಾಣಿ ಬೀಜಗಳು ಅಂಟಿಕೊಂಡಿದ್ದವು. ಸಣ್ಣ ಚಿಮಟದಿಂದ ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದಳು. ಅಮ್ಮ ಮಗಳ ತಲೆಯ ಹೇನು ಹೆಕ್ಕುವಷ್ಟು ಸಮಾಧಾನ ಆಕೆಗೆ.

"ನಮ್ಮ ಹೊಲದಾಗ ಕಳೆ ತೆಗಿಯಾಕ ಈಕಿನ್ನ ಕರಕೊಂಡು ಹೋಗೂನು" ಅಂದ ಯಮನಪ್ಪ ಮೆಲ್ಲಗೆ. ಆದರೆ ಆಕೆ ಭಂಡಾರದ ಪೊಟ್ಟಣ ಎತ್ತಿದಾಗ ಅವನ ಬಾಯಿ ಮುಚ್ಚಿತು, ಕಣ್ಣೂ ಮುಚ್ಚಿತು. ಆಕೆ ಹಿಡಿದು ನೋಡಿದಳು, ಮೂಸಿದಳು, "ಟರ್ಮರಿಕ್?" ಅಂದಳು. ನಾನು ಹೌದೆಂದೆ. ಪೊಟ್ಟಣ ವಾಪಸು ಬಂತು. ಯಮನಪ್ಪ ಆಕೆಗೆ ಕೈ ಮುಗಿದ. ಆಕೆಯೂ ಮುಗಿದಳು.

ಆ ಸಂತೋಷದಲ್ಲಿ ಸಾಮಾನಿನ ಗಾಡಿ ತಳ್ಳಿಕೊಂಡು ಹೊರಟೆವು. ಎದುರಿಗಿದ್ದ ಗಾಜಿನ ಗೋಡೆ ತಾನೇ ಎರಡು ಹೋಳಾಗಿ ಸರಿಯಿತು. ಅದು ಬಾಗಿಲು ಎಂದು ನನಗೆ ಗೊತ್ತಾದದ್ದು ಬಿಸಿಲು ಕಾಲ ಮುಂದೆ ಬಿದ್ದಾಗ. ನಮ್ಮಲ್ಲಿ ಹೊರಗೆ ಹೋಗಬೇಕೆಂದರೆ ಅಗಳಿ ತೆಗೆಯಬೇಕು, ಚಪ್ಪಲಿ ಹುಡುಕಬೇಕು, ಒಳಗಿನವರಿಗೆ ಹೇಳಬೇಕು. ಇಲ್ಲಿ ಯಾರನ್ನೂ ಕೇಳದೆ ಹೊರಗೇ ಒಳಗೆ ಬಂದಿತ್ತು. ನೀಲವ್ವನ ಮುಖಕ್ಕೆ ಏನೂ ಹಚ್ಚಿರಲಿಲ್ಲ.

"ಹಿಂದಕ್ಕ ಬಾ!" ಎಂದು ನಾನು ಒದರಿದ ರಭಸಕ್ಕೆ ಯಾರೋ ಇಬ್ಬರು ಬಿಳಿಯರೂ ಹಿಂದೆ ಸರಿದರು. ಬಾಟಲಿ ಯಾವ ಚೀಲದ ತಳದಲ್ಲಿತ್ತೋ. ಕರೆದೊಯ್ಯಲು ಬಂದವರ ಕಾರು ಅಲ್ಲಿ ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. ಕಡೆಗೆ ಈಗಷ್ಟೇ ಶುದ್ಧವಾಗಿದ್ದ ಕಂಬಳಿಯನ್ನು ಆಕೆಯ ತಲೆಯಿಂದ ಮೊಣಕಾಲಿನ ತನಕ ಹೊದಿಸಿ, ಕೈ ಹಿಡಿದು ಓಡಿಸಿದೆ.

"ಅಕ್ಕಾ, ಮಂದಿ ನನ್ನ ಕರಡಿ ಅಂತ ತಿಳ್ಕೋತಾರ."

"ತಿಳ್ಕೊಳ್ಳಲಿ. ಮುಂದ ಮೆಟ್ಟಿಲೈತಿ, ಕಾಲೆತ್ತು."

ಸುಮಂಗಲಾ ಅವರ ಮನೆ

ನಾವು ಇಳಿದುಕೊಂಡದ್ದು ಸುಮಂಗಲಾ ಎಂಬವರ ಮನೆಯಲ್ಲಿ. ನವನಗರದ ಮಗಳು. ಹಳೇ ಬಾಗಲಕೋಟೆಯ ಅವರ ಅಜ್ಜನ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ, ಅವರು ಸಮುದ್ರದಾಚೆ ಇದ್ದಾರೆ. ಹಾಗಿದ್ದರೂ ಜೋಳದ ರೊಟ್ಟಿ ಮಾತ್ರ ಕೈಯಲ್ಲೇ ಬಡಿಯುತ್ತಾರೆ.

ಅವರ ಬಾಗಿಲ ಹತ್ತಿರ, ನಮ್ಮಲ್ಲಿ ಕನ್ನಡಿ ಮತ್ತು ಕುಂಕುಮದ ಭರಣಿ ಇರುವ ಜಾಗದಲ್ಲಿ, ಒತ್ತಿದರೆ ಮುಲಾಮು ಸುರಿಯುವ ದೊಡ್ಡ ಬಾಟಲಿ ಇತ್ತು. ಮನೆಯವರು ಬರುವಾಗ ಹೋಗುವಾಗ ಅದಕ್ಕೊಂದು ಒತ್ತು ಕೊಡುತ್ತಿದ್ದರು. ಎದುರಿನ ಸಾಲೆಯ ಮಕ್ಕಳು ಆಟಕ್ಕೆ ಬಿಡುವ ಮುಂಚೆ ಸಾಲಾಗಿ ನಿಂತು ಮುಖಕ್ಕೆ ಬಳಿದುಕೊಂಡು, ಅಗಲ ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದವು. ಟೊಪ್ಪಿಗೆ ಮರೆತು ಬಂದ ಒಬ್ಬ ಹುಡುಗಿ ಮಾಡಿನ ಕೆಳಗೆ ಕೂತು ಉಳಿದವರ ಆಟ ನೋಡುತ್ತಿದ್ದಳು. ನಾನು ನನ್ನ ಸಾಲೆಯ ಮಕ್ಕಳನ್ನು ನೆನೆದೆ. ನಾವು ಬಿಸಿಲಲ್ಲಿ ನಿಲ್ಲಿಸುವುದನ್ನು ಶಿಕ್ಷೆ ಅಂದುಕೊಂಡಿದ್ದೆವು, ಇವರು ನೆರಳಲ್ಲಿ ಕೂರಿಸುವುದನ್ನು.

ಅಲ್ಲಿನ ಬಿಸಿಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಬಿಸಿಲು ಬೈದು ಹೊಡೆಯುತ್ತದೆ. ಬದಾಮಿಯ ಕೆಂಪು ಬಂಡೆಗಳ ನಡುವೆ ನಿಂತರೆ ಮೇಲಿಂದ, ಕೆಳಗಿಂದ, ಬೆನ್ನಿಂದ ಎಲ್ಲ ಕಡೆಯಿಂದ ಬೈಗುಳ ಬೀಳುತ್ತದೆ. ಹೆದರಿ ನೆರಳು ಸೇರುತ್ತೇವೆ. ಪರ್ತಿನದು ನಗುನಗುತ್ತ ಹೊಡೆಯುವ ಜಾತಿ. ಗಾಳಿ ತಂಪು, ಆಕಾಶ ನೀಲಿ, ಹಿತವಾಗಿದೆಯಲ್ಲ ಎಂದು ನಿಂತರೆ ಚರ್ಮ ಸುಟ್ಟಿರುತ್ತದೆ. ಸುಮಂಗಲಾ ಇದನ್ನು ಹೇಳಿದ ಮೇಲೆ ನನಗೆ ಆ ತಂಗಾಳಿಯ ಮೇಲೇ ಸಂಶಯ ಬಂತು. ನೀಲವ್ವ "ಆಹಾ, ಎಂಥಾ ಹವಾ!" ಅಂದಾಗಲೆಲ್ಲ ನನ್ನ ಕೈ ಬಾಟಲಿಗೆ ಹೋಗುತ್ತಿತ್ತು.

ಪಕ್ಕದ ಮನೆಯಲ್ಲಿ ಮಾರ್ಗರೆಟ್ ಎಂಬ ಅಜ್ಜಿ. ಮೂಗಿನ ಒಂದು ಬದಿ ತೇಪೆ ಹಾಕಿದಂತೆ ನುಣ್ಣಗಿತ್ತು. ನಾವು ನೋಡಿಯೂ ನೋಡದಂತೆ ಇದ್ದದ್ದನ್ನು ಗಮನಿಸಿ ಅವರೇ ಹೇಳಿದರು. ಹರೆಯದಲ್ಲಿ ಮೈ ಕಂದಾಗಲಿ ಎಂದು ಎಣ್ಣೆ ಬಳಿದುಕೊಂಡು ಸಮುದ್ರದ ದಂಡೆಯಲ್ಲಿ ಬಿದ್ದಿರುತ್ತಿದ್ದರಂತೆ. ಮುಪ್ಪಿನಲ್ಲಿ ಮೂಗಿನ ಮೇಲೆ ಕ್ಯಾನ್ಸರ್ ಹುಣ್ಣಾಗಿ ಕೊಯ್ದು ತೆಗೆದರಂತೆ.

ನಾನು ಅದನ್ನು ಕನ್ನಡಕ್ಕೆ ತಂದು ಹೇಳಿದಾಗ ನೀಲವ್ವ ಬೆಪ್ಪಾದಳು. "ನಾವು ಬೆಳ್ಳಗಾಗಾಕ ಹಚ್ಕೊಂಡ್ವಿ, ಇವರು ಕರ್ರಗಾಗಾಕ ಹಚ್ಕೊಂಡ್ರು. ಇದ್ದಂಗ ಇದ್ದವರು ಯಾರೂ ಇಲ್ಲೇನಕ್ಕಾ?"

ನಾನು ಮಾರ್ಗರೆಟ್ಟರಿಗೆ ನನ್ನ ಸಂಕಟ ತೋಡಿಕೊಂಡೆ. ನಮ್ಮಲ್ಲಿ ಹೊರಡುವ ಹೊತ್ತು ಯಾರಿಗೂ ಗೊತ್ತಿರುವುದಿಲ್ಲ, ಕಾಲು ತಾಸು ಮೊದಲು ಎಂಬುದನ್ನು ಎಲ್ಲಿಂದ ಎಣಿಸಲಿ? ಅವರು ಅದನ್ನು ಬಹಳ ಗಂಭೀರವಾಗಿ ಯೋಚಿಸಿದರು. ತಾನು ಗಡಿಯಾರ ನೋಡುವುದಿಲ್ಲ ಅಂದರು. ಹೊರಗೆ ಹೋಗುವ ದಿನ ಚಹಾದ ನೀರು ಒಲೆಗೆ ಇಡುವ ಮುಂಚೆ ಹಚ್ಚಿಕೊಳ್ಳುತ್ತಾರಂತೆ. ನೀರು ಕುದಿದು, ಚಹಾ ಸೋಸಿ, ಕುಡಿದು, ಬಟ್ಟಲು ತೊಳೆದಿಡುವಷ್ಟರಲ್ಲಿ ಅದು ಚರ್ಮಕ್ಕೆ ಕೂತಿರುತ್ತದಂತೆ.

ಯಮನಪ್ಪ ತೊಡೆ ತಟ್ಟಿದ. "ಹೊಂಡೋ ಮುಂದಿನ ಚಹಾ! ಅದಿಲ್ಲದ ನಾವು ಹೊಂಡೂದ ಇಲ್ಲಲ್ರಿ ಅಕ್ಕಾರ! ಮುದುಕಿ ನಮ್ಮ ಮಂದೀನ ಅದಾಳ."

ಎಷ್ಟೋ ದಿನದ ಮೇಲೆ ಅವತ್ತು ನನಗೆ ಉಸಿರು ಹಗುರಾಗಿ ಬಂತು.

ಉದ್ಯಾನ

ಕಾರ್ಯಕ್ರಮದ ದಿನ ಬೆಳಗ್ಗೆ ಚಹಾದ ನೀರಿಗಿಂತ ಮೊದಲೇ ನೀಲವ್ವನನ್ನು ಕೂರಿಸಿಕೊಂಡೆ. ಮುಖ, ಕಿವಿಯ ಹಿಂದೆ, ಬೈತಲೆಯ ಗೆರೆ, ಕುತ್ತಿಗೆ, ಮುಂಗೈ ಎಲ್ಲ ಆಯಿತು. ಕೆಳಗೆ ಬಾಗಿ ಪಾದಕ್ಕೆ ಕೈ ಹಾಕಿದ್ದೇ ತಡ, ಕಾಲು ಸರಕ್ಕನೆ ಸೀರೆಯೊಳಗೆ ಹೋಯಿತು.

"ಏ ಅಕ್ಕಾ! ಹಿರೇಕಿ ನೀ, ನನ್ನ ಕಾಲ ಮುಟ್ಟತಿಯೇನು? ನನಗ ಪಾಪ ಸುತ್ತಕೋತೈತಿ."

"ಮುಲಾಮು ಹಚ್ಚಾಕ ಯಾವ ಪಾಪ?"

"ಕೊಡು ಇಲ್ಲೆ, ನಾನ ಹಚ್ಕೋತೇನಿ."

ಕೊಟ್ಟೆ. ಆಕೆಯ ಮೊಣಕಾಲು ಬೆಳಗಿನ ಹೊತ್ತು ಸರಿಯಾಗಿ ಮಡಚುವುದಿಲ್ಲ. ಬೆರಳ ತುದಿ ಎಟಕಿದಷ್ಟಕ್ಕೆ ಎರಡು ಸಲ ಸವರಿಕೊಂಡಳು. ಹೇಗೂ ಕಾಲಿಗೆ ಸಾಕ್ಸು, ಬೂಟು ಇದ್ದವು. ಇರಲಿ ಅಂದುಕೊಂಡೆ.

ಉದ್ಯಾನದಲ್ಲಿ ನಮ್ಮ ಆಲದಂಥ ಬೇರು ಬಿಟ್ಟ ಭಾರಿ ಮರವೊಂದಿತ್ತು. ನಮ್ಮೂರ ಲೆಕ್ಕದಲ್ಲಿ ಮಧ್ಯಾಹ್ನದ ನೆರಳು ಎಲ್ಲಿ ಬೀಳುತ್ತದೆಂದು ನೋಡಿ, ಬುಡದ ಬಡಗು ಬದಿಯಲ್ಲಿ ಆಕೆಯ ಕುರ್ಚಿ ಹಾಕಿದೆ. ತುಸು ಹೊತ್ತಿಗೆ ಅಲ್ಲೇ ಬಿಸಿಲು ಬಂತು. ಭೂಮಿಯ ಆ ಅರ್ಧದಲ್ಲಿ ಸೂರ್ಯ ಬಡಗು ದಿಕ್ಕಿನಲ್ಲಿ ನಡೆಯುತ್ತಾನೆ ಎಂದು ಮಕ್ಕಳಿಗೆ ವರುಷಗಟ್ಟಲೆ ಪಾಠ ಹೇಳಿದವಳು ನಾನೇ. ಪುಸ್ತಕದ ಸೂರ್ಯ ಬೇರೆ, ತಂಗಿಯ ಮುಖದ ಮೇಲೆ ಬರುವ ಸೂರ್ಯ ಬೇರೆ. ಕುರ್ಚಿ ಹೊತ್ತುಕೊಂಡು ತೆಂಕಣ ಬದಿಗೆ ಓಡಿದೆ.

ಪರದೇಶದಲ್ಲಾದರೂ ಹೇಳಿದ ಹೊತ್ತಿಗೆ ಶುರುವಾಗುತ್ತದೆ ಎಂದು ನಂಬಿದ್ದೆ. ಸಭೆ ಮಾತ್ರ ಪೂರ್ತಿ ನಮ್ಮದೇ ಆಗಿತ್ತು. ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಸಿಗಲಿಲ್ಲ. ಸಿಕ್ಕ ಮೇಲೆ ಗಾಳಿ ಬಿಡಲಿಲ್ಲ. ಶಾಲು ಹೊದಿಸಿದರು, ಹೊದಿಸಿಕೊಂಡವರು ಮಾತಾಡಿದರು, ಮಾತಾಡಿದವರಿಗೆ ಮತ್ತೆ ಹಾರ ಬಂತು. ಬೆಳಗ್ಗೆ ಹಚ್ಚಿದ್ದು ಇಷ್ಟು ಹೊತ್ತಿಗೆ ಸವೆದಿರಬೇಕೆಂದು ಬಾಟಲಿ ತೆಗೆದರೆ ನೀಲವ್ವ ಕುರ್ಚಿಯಲ್ಲಿಲ್ಲ.

ನಲ್ಲಿಯ ಹತ್ತಿರ ಇದ್ದಳು. ಮೇಳದವರೆಲ್ಲ ಅಲ್ಲಿದ್ದರು. ಭಂಡಾರ ಹಚ್ಚಿಸಿಕೊಳ್ಳುವ ಮುಂಚೆ ಕೈ ಕಾಲು ಮುಖ ತೊಳೆಯುವುದು ನಮ್ಮ ಪದ್ಧತಿ. ಸಣ್ಣಂದಿನಿಂದ ಮಾಡಿದ್ದನ್ನು ಮೈ ತಾನೇ ಮಾಡುತ್ತದೆ. ಆಕೆ ಬೂಟು, ಸಾಕ್ಸು ಕಳಚಿ, ಮುಖಕ್ಕೆ ಬೊಗಸೆ ಬೊಗಸೆ ನೀರು ಎರಚಿಕೊಂಡು, ಕಾಲು ತಿಕ್ಕಿ ತೊಳೆದು, ಹಣೆಯ ಮೇಲೆ ಹಳದಿ ಭಂಡಾರ ಇಟ್ಟುಕೊಂಡು ನನ್ನ ಕಡೆ ತಿರುಗಿ ನಗುತ್ತಿದ್ದಳು. ವೇದಿಕೆ ಮೂಲೆಯ ಧ್ವನಿವರ್ಧಕದ ಕಪ್ಪು ಡಬ್ಬಿಯಿಂದ ಅದೇ ಗಳಿಗೆಗೆ ಘೋಷಣೆ ಬಂತು: "ಈಗ ಹುನಗುಂದದ ಡೊಳ್ಳಿನ ಮೇಳ!"

ವೇದಿಕೆಯ ಮೇಲೆ ನೆರಳಿನ ಒಂದು ಚೂರೂ ಇರಲಿಲ್ಲ.

"ನೀಲಾ, ನಿಂದ್ರು. ಮುಖ ತೊಳದಿ. ಮತ್ತ ಹಚ್ಚಬೇಕು, ಕೂಡಾಕ ಕಾಲು ತಾಸು ಬೇಕು."

"ಕರದ್ರಲ್ಲಕ್ಕಾ! ಮಂದಿ ಕುಂತಾರ."

"ಕುಂದ್ರಲಿ."

"ಅಕ್ಕಾ, ಭಾಳ ದಿನಾತು ನಾ ಹಗಲು ಹಾಡಿ. ಒಂದ ಪದ. ಬಿಡು ನನ್ನ."

ನಾನು ಆಕೆಯ ರಟ್ಟೆ ಬಿಡಲಿಲ್ಲ.  ಕಡೆಗೆ ಆಕೆ ಸೆರಗಿನಿಂದ ಒದ್ದೆ ಕೆನ್ನೆ ಒತ್ತಿಕೊಂಡು ನನ್ನತ್ತ ತಿರುಗಿದಳು. ಯಮನಪ್ಪ ನಮ್ಮಿಬ್ಬರ ಮುಖ ನೋಡಿದ, ವೇದಿಕೆ ನೋಡಿದ.

"ಹಚ್ರಿ ಅಕ್ಕಾರ. ಸಾಕು ಅಂತ ನೀವು ಕೈ ಎತ್ತೂತನಕ ನಾ ಕೈ ಇಳಸಂಗಿಲ್ಲ."

ನಮ್ಮ ಪದಕ್ಕೆ ಮುಂಚೆ ಡೊಳ್ಳು ತುಸುವೇ ನುಡಿಯುತ್ತದೆ. ಅವತ್ತು ಯಮನಪ್ಪ ಆ ತುಸುವನ್ನು ಎಳೆದೆಳೆದು ಬೆಳೆಸಿದ. ಕುಣಿದ, ಕೂತು ಬಾರಿಸಿದ, ಸುತ್ತು ಹಾಕಿದ, ಮೇಳದ ಹುಡುಗರನ್ನು ಎರಡು ಭಾಗ ಮಾಡಿ ಜಗಳದಂತೆ ಬಾರಿಸಿದ. ಮಂದಿ ಶಿಳ್ಳೆ ಹೊಡೆದರು. ನಾನು ಮರದ ಕೆಳಗೆ ಭಂಡಾರ ಕೆಡದ ಹಾಗೆ ಸುತ್ತಲೂ ಹಚ್ಚಿದೆ. ಕಿವಿ, ಕುತ್ತಿಗೆ, ಮುಂಗೈ ಮುಗಿಸಿ ಕಾಲಿಗೆ ಬಾಗಿದೆ. ಕಾಲು ಮತ್ತೆ ಹಿಂದೆ ಹೋಯಿತು. "ಬ್ಯಾಡಂದ್ನಲ್ಲ! ಅದೂ ಭಂಡಾರ ಹಚ್ಕೊಂಡ ಮ್ಯಾಲ!" ಬೂಟು ಹಾಕಿಕೊಂಡಾಳು ಬಿಡು ಎಂದು ನಾನು ಎದ್ದು ಕೂತೆ. ವೇದಿಕೆಯತ್ತಲೇ ಕಣ್ಣಿತ್ತು ನನಗೆ.

ಯಮನಪ್ಪನ ಅಂಗಿ ಮೈಗಂಟಿ, ತೋಳು ಸೋತು ಬರುತ್ತಿದೆ ಎನ್ನಿಸುವ ಹೊತ್ತಿಗೆ ಕೈ ಎತ್ತಿದೆ. ನೀಲವ್ವ ತಲೆ ತುಂಬ ಸೆರಗು ಹೊದ್ದು ವೇದಿಕೆ ಹತ್ತಿದಳು. ಮೊದಲ ನುಡಿಗೆ ದನಿ ಒಡೆಯಿತು. ಎರಡನೆಯದಕ್ಕೆ ತುಂಬಿಕೊಂಡಿತು. ಹಿಂದೆ ನಿಂತು ದನಿ ಕೂಡಿಸುತ್ತ ನಾನು ಆಕೆಯ ಬೆನ್ನನ್ನೇ ನೋಡುತ್ತಿದ್ದೆ. ಮಂದಿಗೆ ಹಾಡು ಕೇಳುತ್ತಿತ್ತು, ನನಗೆ ಬಿಸಿಲು ಮಾತ್ರ ಕೇಳುತ್ತಿತ್ತು. ಮೂರನೆಯ ಪದದ ನಡುವೆ ನೆಲಕ್ಕೆ ಕಣ್ಣು ಹೋಯಿತು. ಆಕೆಯ ಪಾದಗಳು ಬರಿದಾಗಿದ್ದವು. ಡೊಳ್ಳಿನ ಮುಂದೆ ಕಾಲಲ್ಲಿ ಚಪ್ಪಲಿ, ಬೂಟು ಇರುವುದುಂಟೇ? ನನ್ನ ಕಾಲಲ್ಲೂ ಇರಲಿಲ್ಲ. ಅಷ್ಟು ಹಳೆಯ ರೂಢಿ ನನ್ನ ನೆನಪಿಗೇ ಬಂದಿರಲಿಲ್ಲ.

ಕೆಂಪು ಪಾದ

ಸಂಜೆಗೆ ಎರಡೂ ಪಾದದ ಮೇಲ್ಭಾಗ ಇಳಕಲ್ಲ ಸೀರೆಯ ಸೆರಗಿನಷ್ಟು ಕೆಂಪಾದವು. ಮುಟ್ಟಿದರೆ ಕಾವಲಿಯಂತೆ ಕಾವು. ಮುಖಕ್ಕೆ, ಕೈಗೆ ಏನೂ ಆಗಿರಲಿಲ್ಲ.

ಸುಮಂಗಲಾ ಅವರ ಫೋನಿನಿಂದ ನವನಗರಕ್ಕೆ ಮಾಡಿದೆವು. ಡಾಕ್ಟರಮ್ಮ ಪಾದದ ಫೋಟೋ ಕಳಿಸಿ ಅಂದರು. ನೋಡಿ ಒಂದೊಂದೇ ಹೇಳುತ್ತ ಹೋದರು. 

"ತಣ್ಣೀರ ಬಟ್ಟಿ ಹಾಕ್ರಿ. ಗುಳಿಗಿ ಒಂದೂ ತಪ್ಪಬಾರದು. ಜ್ವರ ಬಂದ್ರ, ಕೀಲು ಬಾತ್ರ, ಮೂತ್ರಕ್ಕ ನೊರಿ ಬಂದ್ರ ಕೂಡ್ಲೇ ಅಲ್ಲೇ ದವಾಖಾನಿಗೆ ಹೋಗ್ರಿ. ಏನೂ ಆಗಲಿಲ್ಲಂದ್ರೂ ಬಂದ ಕೂಡ್ಲೇ ನನಗ ತೋರಸ್ರಿ. ಈ ರೋಗ ಅವತ್ತಿಗವತ್ತ ಎದ್ದು ಕಾಣಬೇಕಂತಿಲ್ಲ, ಆಮ್ಯಾಲೂ ಏಳಬಹುದು." ಆಮೇಲೆ ಕೇಳಿದರು: "ಪಾದಕ್ಕ ಹಚ್ಚಿರಲಿಲ್ಲೇನು?"

ನಾನು ನೀಲವ್ವನ ಮುಖ ನೋಡಿದೆ. ಆಕೆ ಗೋಡೆ ನೋಡಿದಳು.

ಉಳಿದ ದಿನಗಳಲ್ಲಿ ಊರು ತೋರಿಸಲು ಸುಮಂಗಲಾ ಕರೆದುಕೊಂಡು ಹೋದರು. ಸಮುದ್ರ ನೋಡಿದೆವಂತೆ, ನದಿಯ ಕಪ್ಪು ಹಂಸ ನೋಡಿದೆವಂತೆ. ಫೋಟೋಗಳಲ್ಲಿ ನಾನಿದ್ದೇನೆ. ಆದರೆ ನನಗೆ ನೆನಪಿರುವುದು ಮುಂಜಾನೆ ಎದ್ದ ಕೂಡಲೇ ಆಕೆಯ ಬೆರಳ ಗಂಟು ಮುಟ್ಟಿ ನೋಡುವುದು, ಕೆನ್ನೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸುವುದು, ಬಚ್ಚಲಿನಿಂದ ಹೊರಬಂದ ಕೂಡಲೇ "ನೊರಿ ಇತ್ತೇನು?" ಎಂದು ಕೇಳುವುದು.

"ಅಕ್ಕಾ, ಹಿಂಗ ನಮ್ಮ ಅತ್ತಿನೂ ನನ್ನ ಕಾದಿಲ್ಲ" ಅಂದಳು ಒಂದು ದಿನ. ನಗಿಸಲು ಹೇಳಿದ್ದು. ನನಗೆ ಅಳು ಬಂತು. ಸಂಗಪ್ಪನ ಮಾತು ಹೇಳಿದೆ. ಹೋದಂಗ ಕರಕೊಂಡು ಬಾ ಅಂದಿದ್ದ, ಕೆಂಪು ಪಾದ ತೋರಿಸಿ ಏನನ್ನಲಿ ಎಂದೆ. ಆಕೆ ಒದ್ದೆ ಬಟ್ಟೆಯ ಕೆಳಗೆ ಕಾಲಿನ ಬೆರಳುಗಳನ್ನು ಮೆಲ್ಲಗೆ ಆಡಿಸುತ್ತ ಕೂತಳು.

ಹೊರಡುವ ದಿನ ಮಾರ್ಗರೆಟ್ ಬಂದು ಒಂದು ಬಾಟಲಿ ಕೊಟ್ಟರು. ಅವರ ಪಾದ ಮುಟ್ಟಿ ನಮಸ್ಕರಿಸಲು ನೀಲವ್ವ ಬಾಗಿದಾಗ, ಏನೋ ಬಿದ್ದಿರಬೇಕೆಂದು ಅವರೂ ಬಾಗಿ ನೆಲದ ಮೇಲೆ ಹುಡುಕಿದರು. ತಲೆಗೆ ತಲೆ ತಾಗಿತು. ಅಷ್ಟು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಮತ್ತೆ ನಮ್ಮ ಬಿಸಿಲು

ಗಾಡಿ ಹುನಗುಂದಕ್ಕೆ ಹೋಗುವ ಬದಲು ನೇರ ನವನಗರಕ್ಕೆ ಹೋಯಿತು. ಸಂಗಪ್ಪ ಅಲ್ಲೇ ಬಂದಿದ್ದ. ಹೆಂಡತಿಯ ಮುಖ ನೋಡುವ ಮುಂಚೆ ಕಾಲು ನೋಡಿದ. ಕೆಂಪು ಹೋಗಿ ಸಿಪ್ಪೆ ಸುಲಿಯುತ್ತಿತ್ತು. ನನ್ನ ಕೈಯ ಚೀಲ ಇಸಿದುಕೊಂಡು ಮುಂದೆ ನಡೆದ. 

ರಕ್ತ, ಮೂತ್ರ ಕೊಟ್ಟು ಕಾದೆವು. ಅದೇ ಪಡಸಾಲೆ, ಅದೇ ಗೋಡೆ. ಸಂಗಪ್ಪ ಗೋಡೆಗೆ ಬೆನ್ನು ಮಾಡಿ ಕೂತಿದ್ದ. ಹೆಸರು ಕರೆದಾಗ ಮೂವರೂ ಒಟ್ಟಿಗೆ ಎದ್ದೆವು, ಬಾಗಿಲಲ್ಲಿ ಮೂವರೂ ಒಟ್ಟಿಗೆ ಸಿಕ್ಕಿಕೊಂಡೆವು.

ಡಾಕ್ಟರಮ್ಮ ಎರಡು ಸಲ ಓದಿದರು. "ಮಲಗಿದ್ದು ಎದ್ದಿಲ್ಲ. ಈ ಸಲ ಪಾರಾದ್ರಿ. ಪ್ರತಿ ಸಲ ಹಿಂಗ ಆಗೂದಿಲ್ಲ, ತಿಳೀತಲ್ಲ?"

ಸಂಗಪ್ಪ ಹೊರಗೆ ಬಂದು, ಎದುರಿನ ಹೋಟೆಲಿನಲ್ಲಿ ಕೂತು, ಆ ಗೋಡೆ ಕಾಣುವ ಹಾಗೇ ಕೂತು, ಒಂದು ಪ್ಲೇಟು ಮಂಡಕ್ಕಿ ಮಿರ್ಚಿ ತಿಂದ. ಇನ್ನೊಂದು ಪ್ಲೇಟು ತರಿಸಿದ.

ಮೊನ್ನೆ ಬದಾಮಿಯಲ್ಲಿ ಹಾಡಲು ಕರೆ ಬಂತು. ಇಳಿಹೊತ್ತಿಗೆ ಹಾಡು, ಆದರೆ ಹೊರಡುವುದು ಹಾಡುಹಗಲು. ನಾನು ಇಳಕಲ್ಲಿನಿಂದ ಮುಂಜಾನೆಯೇ ಹುನಗುಂದಕ್ಕೆ ಹೋದೆ. ಯಮನಪ್ಪ ಗಾಡಿಗೆ ಡೊಳ್ಳು ಬಿಗಿಯುತ್ತಿದ್ದ. ದೊಡ್ಡವ್ವ ಸೆರಗು ಹಿಡಿದು ಕೂತಿದ್ದಳು. ಆಕೆಯ ಕೈಗೆಟುಕುವಲ್ಲಿ ತಂಬಿಗೆ ಇರದಂತೆ ಸಂಗಪ್ಪ ಮೊದಲೇ ನೋಡಿಕೊಂಡಿದ್ದ. ಅಡುಗೆಮನೆಯಲ್ಲಿ ಚಹಾದ ಪಾತ್ರೆ ತೊಳೆದಿಟ್ಟಿತ್ತು, ಒಲೆ ಹೊತ್ತಿಸಿರಲಿಲ್ಲ.

"ಯಾಕ, ಚಹಾ ಇಡೂದಿಲ್ಲೇನು?" ಅಂದೆ.

ನೀಲವ್ವ ಮಾರ್ಗರೆಟ್ಟರ ಬಾಟಲಿ ತಂದು ನನ್ನ ಕೈಗಿಟ್ಟಳು. ಮಣೆ ಎಳೆದು ಕೂತಳು. ಸೀರೆಯ ನೆರಿಗೆಯನ್ನು ತುಸು ಮೇಲಕ್ಕೆತ್ತಿ ಎರಡೂ ಕಾಲು ಮುಂದೆ ಚಾಚಿದಳು. ನನ್ನ ಕಡೆ ನೋಡದೆ ಅಂದಳು:

"ಮೊದಲ ಇವನ್ನ ಮುಗಸು."

ದೊಡ್ಡವ್ವ ಬಾಯಿ ತೆರೆದಳು. ನೀಲವ್ವ ಆ ಕಡೆ ಕೈ ಎತ್ತಿ ತಡೆದಳು. ನಾನು ನೆಲಕ್ಕೆ ಕೂತು, ಹಿಮ್ಮಡಿಯಿಂದ ಬೆರಳ ಸಂದಿಯ ತನಕ, ಹೊಸ ಚರ್ಮ ಬಂದ ಆ ಪಾದಗಳಿಗೆ ನಿಧಾನವಾಗಿ ಹಚ್ಚಿದೆ. ಮುಗಿಸಿ ಏಳಬೇಕು ಅನ್ನುವಷ್ಟರಲ್ಲಿ ಆಕೆ ತನ್ನ ಪಾದವನ್ನೊಮ್ಮೆ ಸವರಿ, ಹಸಿ ಮುಲಾಮಿನ ಅದೇ ಕೈಗಳಿಂದ ಬಾಗಿ, ನನ್ನ ಎರಡೂ ಪಾದ ಮುಟ್ಟಿ ಹಣೆಗೊತ್ತಿಕೊಂಡಳು. ಆಕೆಯ ಹಣೆಯ ಮೇಲೂ ಬಿಳಿ, ನನ್ನ ಪಾದದ ಮೇಲೂ ಬಿಳಿ.

"ಈಗ ಲೆಕ್ಕ ಸರಿ ಹೋತು" ಅಂದಳು. ಮುಖ, ಕುತ್ತಿಗೆ, ಕೈಗೂ ಹಚ್ಚಿಸಿಕೊಂಡ ಮೇಲೆ ಗಂಡನಿಗೆ ಕೂಗಿ ಹೇಳಿದಳು: "ಈಗ ಚಹಾ ಇಡ್ರಿ, ಹೊಂಡೂನು."